ಹೈಡ್ರಾಲಿಕ್ಕಿಗೆ ಕುಕ್ಕರ್ ಗ್ಯಾಸ್ಕೆಟ್

ರಿಪೇರಿ ಎನ್ನುವುದು ಧೈರ್ಯದ ವಿಷಯ, ಅದಕ್ಕೆ ವಿದ್ಯೆ ಬೇಕಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಕವಲಂದೆ ಹತ್ತಿರದ ನಮ್ಮೂರಿನಲ್ಲಿ ಕುಕ್ಕರ್ ಕೂಗದಿದ್ದರೆ, ಮಿಕ್ಸಿ ಗೊರಗೊರ ಅಂದರೆ, ಹೊಲಿಗೆ ಮಿಷನ್ನು ದಾರ ನುಂಗಿದರೆ ಹೆಂಗಸರು ನೇರವಾಗಿ ನಮ್ಮ ಮನೆಗೆ ಬರುತ್ತಿದ್ದರು. "ಭಾಗ್ಯಕ್ಕನ ಕೈ ತಾಕುದ್ರೆ ಸಾಕು ಕಣಕ್ಕ, ಸರಿಯಾಯ್ತದೆ" ಎನ್ನುತ್ತಿದ್ದರು. ಇಂಥ ಮಾತನ್ನು ಮನುಷ್ಯರು ಕಿವಿಗೆ ಹಾಕಿಕೊಳ್ಳಬಾರದು. ನಾನು ತಲೆಗೇ ಏರಿಸಿಕೊಂಡಿದ್ದೆ!

ನನ್ನ ಗಂಡ ಶಿವರಾಜು ಅವರ ಹತ್ತಿರ ಒಂದು ಹಳೇ ಚೈನ್ ಟ್ರ್ಯಾಕ್ಟರ್ ಇದೆ. ಚಕ್ರದ ಬದಲು ಕಬ್ಬಿಣದ ಚೈನಿನ ಮೇಲೆ ತೆವಳುವ ಗಾಡಿ. ಮುಂದೆ ಮಣ್ಣು ತಳ್ಳುವ ಅಗಲವಾದ ಬ್ಲೇಡು. ಸುತ್ತಮುತ್ತಲ ಗದ್ದೆಗಳನ್ನು ಮಟ್ಟ ಮಾಡುವುದು ಅದರ ಕಸುಬು. ಅದಕ್ಕೆ ಆ ವರ್ಷ ಒಂದು ಕಾಯಿಲೆ ಬಂತು. ಬ್ಲೇಡನ್ನು ಮೇಲೆತ್ತಿ ನಿಲ್ಲಿಸಿದರೆ, ಮೇವು ಬೇಡವಾದ ಎಮ್ಮೆಯ ಹಾಗೆ ಮೆಲ್ಲಮೆಲ್ಲಗೆ ತಲೆ ತಗ್ಗಿಸುತ್ತಿತ್ತು.

"ಐಡ್ರಾಲಿಕ್ ಕಣಮ್ಮಿ. ಪೈಪಿನ ಜಾಯಿಂಟಲ್ಲಿ ಎಣ್ಣೆ ಸೋರ್ತಾ ಅದೆ" ಎಂದರು ಇವರು. "ನಂಜನಗೂಡಿಗೋಗಿ ಸಾಮಾನು ತಕ್ಕಂಡು ಬತ್ತೀನಿ. ನೀನು ಅದ್ರ ತಂಟೆಗೋಗ್ಬ್ಯಾಡ."

ಟ್ರ್ಯಾಕ್ಟರ್ ನಿಂತಿದ್ದದ್ದು ನಮ್ಮ ಬೀದಿಯ ಬಾಯಲ್ಲಿ. ಬೀದಿಯ ಕೊನೆ ಮನೆ ಮಾದಪ್ಪಣ್ಣನದು. ಅವನು ಅಂದು ಬೆಳಿಗ್ಗೆಯಿಂದಲೇ ಬಿಳಿ ಪಂಚೆ ಉಟ್ಟು ಓಡಾಡುತ್ತಿದ್ದ.

"ಶಿವರಾಜು, ಮದ್ಯಾನಕ್ಕೆ ನರಸೀಪುರದೋರು ನಮ್ಮ ಸೌಮ್ಯನ್ನ ನೋಡಕ್ಕೆ ಬತ್ತಾವ್ರೆ. ಉಡುಗನ ಅಜ್ಜಿಗೆ ಮಂಡಿನೋವಂತೆ. ಕಾರು ಮನೆ ಬಾಗ್ಲಿಗೇ ಬರ್ಬೇಕು ಕಣಪ್ಪ."

"ಅಷ್ಟೊತ್ಗೆ ಬಂದು ತಗೀತೀನಿ ಬುಡಣ್ಣ" ಎಂದು ಇವರು ಬೈಕ್ ಹತ್ತಿದರು.

ಬೈಕಿನ ಸದ್ದು ಮರೆಯಾಗುವ ತನಕ ನಾನು ತಾಳ್ಮೆಯಿಂದ ಕಾದೆ. ಆಮೇಲೆ ಸ್ಪಾನರ್ ತೆಗೆದುಕೊಂಡು ಹೊರಟೆ.

ನೋಡಿದರೆ ಏನೂ ಇರಲಿಲ್ಲ. ಜಾಯಿಂಟಿನಲ್ಲಿ ಎಣ್ಣೆ ಜಿನುಗುತ್ತಿತ್ತು, ಅಷ್ಟೇ. ಒಂದು ಸುತ್ತು ಬಿಗಿ ಮಾಡಿದರೆ ಮುಗಿಯಿತು! ಬ್ಲೇಡಿನಿಂದ ದೂರ, ಪಕ್ಕಕ್ಕೆ ನಿಂತು, ಗೌರವಪೂರ್ವಕವಾಗಿ ಸ್ಪಾನರ್ ಹಾಕಿ ಬಿಗಿ ಮಾಡಿದೆ. ಬಿಗಿಯಾಗಲಿಲ್ಲ. ಇನ್ನೂ ಬಿಗಿ ಮಾಡಿದೆ. ನಾನು ಬಿಚ್ಚುತ್ತಿದ್ದೇನೆ ಎಂಬ ಸತ್ಯ ನನಗೆ ಗೊತ್ತಾಗುವ ಮೊದಲೇ ಎಣ್ಣೆಗೆ ಗೊತ್ತಾಯಿತು!

ಸುಯ್ಯೆಂದು ಕಪ್ಪು ಕಾರಂಜಿ ಎದ್ದಿತು. ನಮ್ಮ ಗೋಡೆ, ಎದುರುಮನೆ ಗೋಡೆ, ಒಣಗಲು ಹಾಕಿದ್ದ ಇವರ ಅಂಗಿ, ಯಾವುದಕ್ಕೂ ಭೇದಭಾವ ಮಾಡದೆ ಎಲ್ಲದರ ಮೇಲೂ ಬಿತ್ತು. ಅದೇ ಹೊತ್ತಿಗೆ, ಇನ್ನೂ ಅರ್ಧ ಮೇಲೇ ಇದ್ದ ಬ್ಲೇಡು ಧಡ್ ಎಂದು ಕೆಳಗೆ ಬಂತು. ಬಿದ್ದದ್ದು ನೆಲದ ಮೇಲಾಗಿದ್ದರೆ ಪರವಾಗಿರಲಿಲ್ಲ. ಅದು ಬಿದ್ದದ್ದು ಬೀದಿಯ ನೀರಿನ ಪೈಪಿನ ಮೇಲೆ. ಈಗ ಇನ್ನೊಂದು ಕಾರಂಜಿ!

ಸದ್ದು ಕೇಳಿ ಮಾದಪ್ಪಣ್ಣ ಓಡಿ ಬಂದ. ಬಿಳಿ ಪಂಚೆಯನ್ನು ಮಂಡಿಗೆ ಎತ್ತಿ ಕಟ್ಟಿದ. "ಇದೇನ್ ಭಾಗ್ಯಮ್ಮ ಇದು?"

"ರಿಪೇರಿ ನಡೀತಾ ಅದೆ ಕಣಣ್ಣ" ಎಂದೆ. ಆ ಗಾಂಭೀರ್ಯ ನನಗೆ ಎಲ್ಲಿಂದ ಬಂತೋ!

"ನೆಲಕ್ಕೆ ಕಚ್ಕಂಡದಲ್ಲ. ಇನ್ನು ಇದು ಎಂಗೆ ಅಲ್ಲಾಡ್ತದೆ? ಅವ್ರು ಕವಲಂದೆ ದಾಟವ್ರಂತೆ!"

ಮನುಷ್ಯನ ನಿಜವಾದ ಪ್ರತಿಭೆ ಇಂಥ ಸಂಕಟದಲ್ಲೇ ಹೊರಬರುವುದು. ಅಡುಗೆಮನೆಗೆ ಓಡಿದೆ, ಕುಕ್ಕರ್ ಗ್ಯಾಸ್ಕೆಟ್ ಕತ್ತರಿಸಿ ಜಾಯಿಂಟಿನ ಅಳತೆಗೆ ಒಂದು ಉಂಗುರ ಮಾಡಿದೆ. ಅದನ್ನು ಕೂರಿಸಿ, ಈ ಸಲ ಸರಿಯಾದ ದಿಕ್ಕಿಗೇ ತಿರುಗಿಸಿದೆ. ಆದರೆ ಎಣ್ಣೆ? ಟ್ಯಾಂಕಿನಲ್ಲಿದ್ದದ್ದೆಲ್ಲ ಗೋಡೆಗಳ ಮೇಲಿತ್ತು.

"ಮಾದಪ್ಪಣ್ಣ, ಬಜ್ಜಿ ಕರಿಯಕ್ಕೆ ಎಣ್ಣೆ ಡಬ್ಬ ತಂದಿದ್ರಲ್ಲ?"

"ಅದು ಅಡುಗೆ ಎಣ್ಣೆ ಕಣಮ್ಮ!"

"ಎಣ್ಣೆ ತಾನೆ?"

ಪಾಪ, ಅವನಿಗೂ ಬೇರೆ ದಾರಿ ಇರಲಿಲ್ಲ. ತಂದ. ಸೂರ್ಯಕಾಂತಿ ಎಣ್ಣೆ ಗುಳುಗುಳು ಟ್ಯಾಂಕಿಗೆ ಇಳಿಯಿತು. ಸೀಟು ಹತ್ತಿ ಇಂಜಿನ್ ಚಾಲೂ ಮಾಡಿದೆ, ಲಿವರ್ ಎಳೆದೆ. ಬ್ಲೇಡು ಅಲುಗಿತು. ಗೊಣಗಿತು. ಮೇಲೆದ್ದಿತು! ಮಾದಪ್ಪಣ್ಣ ಎರಡೂ ಕೈ ಎತ್ತಿ ಮುಗಿದ. ಬೀದಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಆ ಕ್ಷಣದಲ್ಲಿ ಯಾರಾದರೂ ವಿಮಾನ ತಂದು ನಿಲ್ಲಿಸಿದ್ದರೂ ಬಿಚ್ಚಿಬಿಡುತ್ತಿದ್ದೆ.

ಸರಿಯಾಗಿ ಆಗಲೇ ನರಸೀಪುರದ ಕಾರು ಬಂದು ನಿಂತಿತು. ಜರಿ ಶಲ್ಯ ಹೊದ್ದ ಹುಡುಗನ ದೊಡ್ಡಪ್ಪ ಇಳಿದು, "ಏನ್ ಗಾಡಿ ಇದು?" ಎಂದು ಕುತೂಹಲದಿಂದ ಹತ್ತಿರ ಬಂದರು.

"ದೂರ ಇರಿ ಸಾ!" ಎಂದೆ. ಇಂಜಿನ್ ಸದ್ದಿನಲ್ಲಿ ಅವರಿಗೆ "ಬನ್ನಿ ಸಾ" ಎಂದು ಕೇಳಿಸಿತಂತೆ. ಬಂದರು.

ಗ್ಯಾಸ್ಕೆಟ್ ಹರಿಯಿತು.

ದೊಡ್ಡಪ್ಪ ನೆತ್ತಿಯಿಂದ ಶಲ್ಯದ ತುದಿಯವರೆಗೆ ಮಿರಮಿರ ಮಿಂಚತೊಡಗಿದರು. ಬ್ಲೇಡು ಮತ್ತೆ ಮಲಗಿತು. ಇಂಜಿನ್ ಆರಿಸಿದೆ. ಪೈಪಿನ ನೀರು ಮಾತ್ರ ಇನ್ನೂ ಸುರಿಯುತ್ತಿತ್ತು. ಮಾದಪ್ಪಣ್ಣನ ಮುಖ ನೋಡಿದೆ. ಒಂದು ಹುಡುಗಿಯ ಸಂಬಂಧವನ್ನೇ ಮುರಿದುಬಿಟ್ಟೆನಲ್ಲಾ!

ಆಗ ಕಾರಿನೊಳಗಿಂದ ಅಜ್ಜಿಯ ದನಿ ಬಂತು: "ಲೇ, ನನ್ನ ಇಳುಸ್ರೋ. ಎಷ್ಟೊತ್ತು ಕೂರ್ಸೀರಿ?"

ಬೀದಿಯೆಲ್ಲ ಎಣ್ಣೆ, ನೀರು, ಕೆಸರು. ಮಂಡಿನೋವಿನ ಅಜ್ಜಿ ನಡೆಯುವ ಹಾಗಿರಲಿಲ್ಲ. ಅಷ್ಟರಲ್ಲಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು ಸೌಮ್ಯ ಬಂದಳು.

"ಅಜ್ಜಿ, ಇದ್ರ ಮೇಲೆ ಕೂತ್ಕೊಳ್ಳಿ. ಯಾರಾದ್ರೂ ಆ ಕಡೆ ಹಿಡ್ಕೊಳ್ರಪ್ಪ!"

ಹಿಡಿದುಕೊಂಡವನು ಹುಡುಗ. ಬೂಟು ಕಳಚಿ, ಪ್ಯಾಂಟು ಮಡಚಿ ಕೆಸರಿಗೆ ಇಳಿದ. ಒಂದು ಕಡೆ ಇವಳು, ಒಂದು ಕಡೆ ಅವನು, ನಡುವೆ ದಸರಾ ಅಂಬಾರಿಯಲ್ಲಿ ಕೂತಂತೆ ಅಜ್ಜಿ. ಅರ್ಧ ದಾರಿಯಲ್ಲಿ ಹುಡುಗ ಜಾರಿದ. "ನೆಟ್ಗೆ ಹಿಡ್ಕೊಳ್ರೀ, ಅಜ್ಜಿ ಬೀಳ್ತಾರೆ!" ಎಂದು ಸೌಮ್ಯ ಗದರಿದಳು. ಗದರಿದ ಮೇಲೆ ತಾನು ಯಾರನ್ನು ಗದರಿದೆ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಹುಡುಗ ನಕ್ಕ. ಇವಳೂ ನಕ್ಕಳು. ಅಜ್ಜಿಯಂತೂ ಕುರ್ಚಿ ಮೇಲೆ ಕುಲುಕಿ ಕುಲುಕಿ ನಗುತ್ತಾ, "ಇನ್ನೇನ್ ನೋಡದು, ಇದೇ ನಮ್ ಉಡ್ಗಿ" ಎಂದು ತೀರ್ಪು ಕೊಟ್ಟರು.

ಎಣ್ಣೆ ಟ್ರ್ಯಾಕ್ಟರ್ ಪಾಲಾದ್ದರಿಂದ ಅಂದು ಬಜ್ಜಿ ಇರಲಿಲ್ಲ. ರಸಬಾಳೆ ಕೊಟ್ಟೆವು. ದೊಡ್ಡಪ್ಪ ಮಾದಪ್ಪಣ್ಣನ ಪಂಚೆ ಉಟ್ಟುಕೊಂಡು ತಿಂದರು.

ಇವರು ನಂಜನಗೂಡಿನಿಂದ ಬಂದಾಗ ನಾನು ಪೊರಕೆ ಹಿಡಿದು ಗೋಡೆ ತೊಳೆಯುತ್ತಿದ್ದೆ. ಜಾಯಿಂಟಿನಿಂದ ರಬ್ಬರ್ ಚೂರು ಕಿತ್ತು ಕೇಳಿದರು:

"ಏನಮ್ಮಿ ಇದು?"

"ಗ್ಯಾಸ್ಕೆಟ್ಟು."

"ಯಾವುದ್ರದು?"

"ಕುಕ್ಕರಿಂದು."

ಎಣ್ಣೆಯನ್ನು ಮೂಸಿ ನೋಡಿದರು. ಹೋಗಿ ಚೈನಿನ ಮೇಲೆ ಕೂತುಬಿಟ್ಟರು. ಬೈದಿದ್ದರೆ ವಾಸಿಯಾಗಿತ್ತು! ಎಣ್ಣೆ ಬಸಿದು, ಪೈಪುಗಳನ್ನೆಲ್ಲ ಬಿಚ್ಚಿ ತೊಳೆದರೂ, ಇಂಜಿನ್ ಕಾದಾಗ ಗದ್ದೆಯಲ್ಲೆಲ್ಲ ಬೋಂಡ ಕರಿದ ವಾಸನೆ ಬರುತ್ತದೆಂದು ಗದ್ದೆಯವರು ಇಂದಿಗೂ ದೂರುತ್ತಾರೆ.

ಮದುವೆ ನರಸೀಪುರದ ಛತ್ರದಲ್ಲಿ ಆಯಿತು. ಸಂಬಂಧ ಕೂಡಿಸಿದವಳು ನಾನೇ ಎಂದು ಎಲ್ಲರೂ ಹೊಗಳಿದರು, ಮುಂದಿನ ಸಾಲಿನಲ್ಲಿ ಕೂರಿಸಿದರು. ಅದು ಮರ್ಯಾದೆ ಎಂದುಕೊಂಡಿದ್ದೆ. ಅಕ್ಕಪಕ್ಕದಲ್ಲಿ ಇಬ್ಬರು ಗಟ್ಟಿಮುಟ್ಟಾದ ಹೆಂಗಸರನ್ನು ಯಾಕೆ ಕೂರಿಸಿದ್ದಾರೆಂದು ಆಮೇಲೆ ತಿಳಿಯಿತು. ಧಾರೆಯ ಹೊತ್ತಿಗೆ ಅಡುಗೆಮನೆಯ ಗ್ರೈಂಡರ್ ಕಿರ್ರ್ ಎಂದು ನಿಂತಿತು. ನಾನು ಕುರ್ಚಿಯಿಂದ ಸ್ವಲ್ಪವೇ ಎದ್ದೆ, ಅಷ್ಟೇ.

ಮಂಟಪದಿಂದ, ಕೈಯಲ್ಲಿ ತೆಂಗಿನಕಾಯಿ ಹಿಡಿದಿದ್ದ ಮದುಮಗಳೇ ಕೂಗಿದಳು: "ಭಾಗ್ಯಕ್ಕಾ, ಕೂತ್ಕೊ!"

ಕೂತೆ.