ಬೀಗಕ್ಕೆ ಬಿದ್ದ ಹತ್ತು ಗುಂಡಿ

“ಇನ್ಮೇಲೆ ಯಾವ ಮಹಾರಾಯ ಬಂದ್ರೂ ಈ ಬೀರು ತೆಗೆಯೋಕಾಗಲ್ಲ ಕಣೇ!” ಎಂದು ಬೀಗ ರಿಪೇರಿಯವ ಎದೆಯುಬ್ಬಿಸಿ ಹೆಂಡತಿಗೆ ಘೋಷಿಸಿದ. ತಿಂಗಳುಗಟ್ಟಲೆ ಕೂತು ತಾನೇ ಮಾಡಿದ ಬೀಗ! ಕೀಲಿಕೈಯ ಹಂಗಿಲ್ಲ, ಹತ್ತಂಕಿಯ ಒಂದು ಸಂಖ್ಯೆ ತಿರುಗಿಸಿದರೆ ಸಾಕು. ಸಂಖ್ಯೆ ಬರೆದಿದ್ದ ಚೀಟಿಯನ್ನು ಚೂರುಚೂರು ಮಾಡಿ ಎಸೆದು, ಬಾಗಿಲು ತಳ್ಳಿದ. ಟಕ್!

ಮರುದಿನ ಮೂರು ಗಂಟೆಗೆ ಗಾಯಕರೊಬ್ಬರು ಬಂದರು. ಆರಕ್ಕೆ ಅವರು ವೇದಿಕೆ ಹತ್ತಬೇಕು. ಟೈಲರ್ ಆಗಿದ್ದ ಅವನ ಹೆಂಡತಿ ಹೊಲಿದಿಟ್ಟಿದ್ದ ಗಾಯಕರ ಕೋಟು ಬೀರುವಿನೊಳಗೆ.

“ರೀ, ನಂಬರ್ ಹೇಳಿ.”

ಅವನು ಬಾಯಿ ತೆರೆದ. ಸಂಖ್ಯೆ ಬರಲಿಲ್ಲ, ಬೆವರು ಬಂತು.

“ಮರೆತ್ರಾ? ಹಾಗಾದ್ರೆ ಒಡೀರಿ!”

“ಒಡೆಯೋಕೆ ಎರಡು ದಿನ ಬೇಕು. ಅಷ್ಟು ಗಟ್ಟಿ ಮಾಡಿದ್ದೀನಿ!”

“ನಾನು ಬನಿಯನ್ನಲ್ಲಿ ಹಾಡ್ಲಾ?” ಎಂದರು ಗಾಯಕರು.

“ನಂಬರ್ ಮರೆತಿದೆ, ಅದರ ಗುಣ ಮರೆತಿಲ್ಲ,” ಎಂದು ಅವನು ತೊದಲಿದ. “ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲಾ ಅಂಕಿ ಒಂದೊಂದೇ ಸಲ. ಎಡದಿಂದ ಎರಡಂಕಿ ತಗೊಂಡ್ರೆ ಎರಡರಿಂದ ಭಾಗ ಹೋಗುತ್ತೆ, ಮೂರಂಕಿ ತಗೊಂಡ್ರೆ ಮೂರರಿಂದ, ಹೀಗೇ ಹತ್ತರವರೆಗೂ! ಅಂಥದ್ದು ಇರೋದೇ ಒಂದು!”

“ಒಂದೇ ಇದ್ರೆ ಸಿಗಲೇಬೇಕಲ್ಲ!”

ಅವಳು ಹತ್ತು ದೊಡ್ಡ ಗುಂಡಿಗಳ ಮೇಲೆ ಸೀಮೆಸುಣ್ಣದಿಂದ ಅಂಕಿ ಬರೆದು ಮೇಜಿನ ಮೇಲೆ ಹರವಿದಳು. “ಹತ್ತರಿಂದ ಭಾಗ ಹೋಗ್ಬೇಕಾದ್ರೆ ಸೊನ್ನೆ ಕೊನೇಲಿ. ಸೊನ್ನೆ ಮುಗೀತಲ್ಲ, ಐದನೇ ಜಾಗಕ್ಕೆ ಐದೇ ಗತಿ. ಎರಡು, ನಾಲ್ಕು, ಆರು, ಎಂಟನೇ ಜಾಗಕ್ಕೆ ಸಮಸಂಖ್ಯೆಗಳು.”

ಮಿಕ್ಕ ಗುಂಡಿಗಳು ಜಾಗ ಬದಲಿಸಿದವು, ಬದಲಿಸಿದವು. ಗಾಯಕರು ಹಾಡಿನ ಹಾಳೆಯ ಬೆನ್ನಿಗೆ ಭಾಗಾಕಾರ ಮಾಡಿದರು. ಸಾಲುಗಳೆಲ್ಲ ಏಳರ ಹತ್ತಿರ ಬಂದು ಮುಗ್ಗರಿಸುತ್ತಿದ್ದವು. ಬೀಗದವ ಕಾಫಿ ಮಾಡಿಕೊಟ್ಟ. ಅವನಿಗೆ ಉಳಿದಿದ್ದ ಕೆಲಸ ಅದೊಂದೇ.

ಐದಕ್ಕೆ ಹತ್ತು ನಿಮಿಷವಿದ್ದಾಗ ಒಂದು ಸಾಲು ನಿಂತಿತು: 3816547290.

ಅವಳು ಎಡದಿಂದ ಬೆರಳಿಟ್ಟು ನಡೆದಳು. ಮೂವತ್ತೆಂಟು, ಎರಡರಿಂದ ಹೋಯಿತು. ಮುನ್ನೂರ ಎಂಬತ್ತೊಂದು, ಮೂರರಿಂದ. ಏಳಂಕಿ, ಏಳರಿಂದ! ಎಂಟು. ಒಂಬತ್ತು. ಹತ್ತು. ಎಲ್ಲೂ ಒಂದು ಚೂರು ಶೇಷ ಉಳಿಯಲಿಲ್ಲ. ಮೂವರೂ ಗುಂಡಿಗಳನ್ನೇ ನೋಡುತ್ತ ನಿಂತರು. ಯಾರೂ ಜೋಡಿಸದೆ, ಯಾರೂ ನೋಡದೆ, ಲೆಕ್ಕ ಹುಟ್ಟಿದಾಗಿನಿಂದ ಅದು ಹಾಗೇ ಇತ್ತಲ್ಲ!

“ಅಬ್ಬಾ,” ಎಂದರು ಗಾಯಕರು, ದನಿ ತಗ್ಗಿಸಿ. ಕೋಟಿನ ನೆನಪೂ ಅವರಿಗಿರಲಿಲ್ಲ.

ಅವಳೇ ಹೋಗಿ ಅಂಕಿ ತಿರುಗಿಸಿದಳು. ಟಕ್!

ಕೋಟು ತೊಟ್ಟು ಹೊಸ್ತಿಲು ದಾಟುತ್ತ ಗಾಯಕರು ತಿರುಗಿ ನೋಡಿದರು. ಬೀಗದವ ಮೀಸೆ ನೀವಿಕೊಂಡ.

“ನಮ್ಮನೆ ಮುಂಬಾಗಿಲ ಬೀಗ ಕೆಟ್ಟಿದೆ,” ಎಂದರು ಅವರು. “ನಾಳೆ ಬಂದು ನೋಡ್ತೀರಾ?”

“ಖಂಡಿತ ಬರ್ತೀನಿ ಸಾರ್!”

“ನೀವಲ್ಲ ಸ್ವಾಮಿ, ನಾನು ಕೇಳಿದ್ದು ಅಮ್ಮನವರನ್ನ!”