ನಡೆಯುವವರಿಗೆ ಮೂರಡಿ

ಗುರುವಾಯನಕೆರೆಯಲ್ಲಿ ನನ್ನ ದೊಡ್ಡಮ್ಮನಷ್ಟು ಬಸ್ಸುಗಳನ್ನು ಕೈ ತೋರಿಸಿ ನಿಲ್ಲಿಸಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಅವುಗಳಲ್ಲಿ ಒಂದಕ್ಕೂ ಅವರು ಹತ್ತಲಿಲ್ಲ ಎನ್ನುವುದು ಬೇರೆ ವಿಷಯ.

ಅರುವತ್ತರ ದಶಕದ ಮೊದಲ ವರ್ಷಗಳವು. ನಾನು ಅಲ್ಲಿಯ ಶಾಲೆಗೆ ಮಾಸ್ತರನಾಗಿ ಬಂದು ಅವರ ಮನೆಯಲ್ಲೇ ಉಳಿದಿದ್ದೆ. ರಸ್ತೆಯ ಈಚೆ ಮನೆ, ಆಚೆ ಶಾಲೆ. ನಡುವೆ ಎದುರಿನಿಂದ ಬರುವುದೊಂದೂ ಕಾಣದ ತಿರುವು. ದೊಡ್ಡಪ್ಪ ತೀರಿಕೊಂಡು ವರ್ಷವಾಗಿತ್ತಷ್ಟೆ. ದೊಡ್ಡಮ್ಮ ದಿನವೂ ಬೆಳಿಗ್ಗೆ ಆ ತಿರುವಿನಲ್ಲಿ ನಿಂತು ಕೈ ಅಡ್ಡ ಹಿಡಿಯುತ್ತಿದ್ದರು.

“ಎಲ್ಲಿಗೆ ಅಮ್ಮ?” ಎಂದು ಡ್ರೈವರ್ ಕೇಳುತ್ತಿದ್ದ.

“ನಾನು ಎಲ್ಲಿಗೂ ಇಲ್ಲ. ನೀವು ಎಲ್ಲಿಗೆ?”

“ಮೂಡಬಿದ್ರೆಗೆ.”

“ಮೂಡಬಿದ್ರೆ ಎಲ್ಲಿಗೂ ಓಡಿಹೋಗುವುದಿಲ್ಲ ಮಾರಾಯ. ಮೆಲ್ಲ ಹೋಗು.”

ಮಕ್ಕಳೆಲ್ಲ ನೋಡುತ್ತಿರುವಾಗ ಮಾಸ್ತರನಾದ ನನಗೆ ಎಷ್ಟು ನಾಚಿಕೆ! ಆದರೆ ಕ್ರಮೇಣ ಕಂಡಕ್ಟರುಗಳೇ “ಮೆಲ್ಲ, ಅಮ್ಮ ಉಂಟು” ಎಂದು ಎಚ್ಚರಿಸತೊಡಗಿದರು. ದೊಡ್ಡಮ್ಮ ಜ್ವರ ಬಂದು ಮಲಗಿದ್ದ ವಾರವೂ ಬಸ್ಸುಗಳು ಹೆದರಿಕೊಂಡೇ ತಿರುಗಿದವು.

ಅಷ್ಟಕ್ಕೆ ಅವರಿಗೆ ತೃಪ್ತಿಯಾಗಲಿಲ್ಲ. ನಡೆಯುವವರಿಗೆ ಬೇರೆ ಜಾಗ ಬೇಕೆಂದು ನನ್ನಿಂದ ಸರಕಾರಕ್ಕೆ ಅರ್ಜಿ ಬರೆಸಿದರು. ನಾನು “ತಮ್ಮ ಘನ ಸನ್ನಿಧಾನಕ್ಕೆ” ಎಂದು ಶುರುಮಾಡಿದರೆ, “ಅವರೇನು ದೇವರಾ? ಇಲ್ಲಿ ನಡೆಯಲಿಕ್ಕೆ ಜಾಗ ಇಲ್ಲ ಅಂತ ಬರಿ” ಎಂದರು. ಹಾಗೆಯೇ ಎಂಟು ಅರ್ಜಿ ಹೋದ ಮೇಲೆ, ರಸ್ತೆ ಅಗಲ ಮಾಡಲು ಬಂದ ಎಂಜಿನಿಯರರೊಬ್ಬರು ನಮ್ಮ ಮನೆಯ ಮುಂದೆ ನಕ್ಷೆ ಬಿಡಿಸಿದರು.

“ಇದರಲ್ಲಿ ನಡೆಯುವವರು ಎಲ್ಲಿ?” ಎಂದು ದೊಡ್ಡಮ್ಮ ಕೇಳಿದರು.

“ಬದಿಯಲ್ಲಿ ನಡೆಯಬಹುದಮ್ಮ.”

“ಹಾಗಾದರೆ ಬನ್ನಿ, ನಡೆಯುವ.”

ಇಬ್ಬರೂ ಹೊರಟರು. ಎದುರಿಗೆ ತಲೆಯ ಮೇಲೆ ಸೌದೆ ಹೊತ್ತ ಹೆಂಗಸು, ಹಿಂದಿನಿಂದ ಒಂದು ಲಾರಿ. ಎಂಜಿನಿಯರರು ಶಾಲೆಯ ಬದಿಯ ತೋಡಿಗೆ ಹಾರಿ ಮೊಣಕಾಲಿನವರೆಗೆ ನೆನೆದರು. ದೊಡ್ಡಮ್ಮ ಅವರಿಗೆ ಒಣ ಪಂಚೆ ಕೊಟ್ಟರು. ಅವರು ಅದನ್ನು ಉಟ್ಟುಕೊಂಡೇ ನಕ್ಷೆ ತಿದ್ದಿದರು. ಆದರೆ ಆಚೆ ತೋಡು ಇದ್ದುದರಿಂದ ಕಾಲುದಾರಿಗೆ ಈಚೆ ಬದಿಯಲ್ಲೇ ಮೂರಡಿ ಜಾಗ ಬೇಕಿತ್ತು.

ನಮ್ಮ ಮನೆಯ ಪಕ್ಕದಲ್ಲಿ ಕರಾವಳಿಯ ಮುಸ್ಲಿಂ ವ್ಯಾಪಾರಿ, ಬ್ಯಾರಿಯೊಬ್ಬರ ದಿನಸಿ ಅಂಗಡಿ. ದೊಡ್ಡಮ್ಮ ನೇರ ಅಲ್ಲಿಗೆ ಹೋಗಿ, “ಬ್ಯಾರಿಗಳೇ, ನಿಮ್ಮ ಜಗಲಿ ಮೂರಡಿ ಹಿಂದೆ ಹೋಗಬೇಕು” ಎಂದರು.

ಬ್ಯಾರಿಗಳು ತಕ್ಕಡಿ ಕೆಳಗಿಟ್ಟರು. “ಅಮ್ಮ, ನಿಮ್ಮ ಕಟ್ಟೆಯೂ ಅದೇ ಸಾಲಿನಲ್ಲಿ ಉಂಟಲ್ಲ?”

ಮನೆಯೆದುರಿನ ಆ ಕಲ್ಲಿನ ಕಟ್ಟೆಯನ್ನು ದೊಡ್ಡಪ್ಪ ತಮ್ಮ ಕೈಯಾರೆ ಕಟ್ಟಿದ್ದರು. ಕೊನೆಯವರೆಗೂ ಸಂಜೆಗಳನ್ನೆಲ್ಲ ಅದರ ಮೇಲೆಯೇ ಕಳೆದಿದ್ದರು. ದೊಡ್ಡಮ್ಮ ಅಲ್ಲಿಂದಲೇ ಮನೆಗೆ ಮರಳಿದರು. ಎರಡು ದಿನ ಅವರ ಬೈಗುಳವಿಲ್ಲದ ಮನೆಯಲ್ಲಿ ನನಗೆ ಅನ್ನವೂ ಸೇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕೆಲಸದವರು ಹಾರೆ ಹಿಡಿದು ಬಂದರು. ಕಟ್ಟೆಯ ಮೊದಲ ಕಲ್ಲನ್ನು ದೊಡ್ಡಮ್ಮನೇ ಕಿತ್ತು ಕೊಟ್ಟು ಒಳಗೆ ಹೋದರು. ಮಧ್ಯಾಹ್ನ ಇನ್ನೊಂದು ಹಾರೆಯ ಸದ್ದು ಕೇಳಿ ನೋಡಿದರೆ, ಬ್ಯಾರಿಗಳು ಅಂಗಿ ಕಳಚಿಟ್ಟು ತಾವೇ ತಮ್ಮ ಜಗಲಿ ಒಡೆಯುತ್ತಿದ್ದರು.

ತಿಂಗಳೊಳಗೆ ಕಾಲುದಾರಿ ಸಿದ್ಧವಾಯಿತು. ಮೊದಲ ಸಂಜೆ ದೊಡ್ಡಮ್ಮ ನನ್ನನ್ನು ಕರೆದುಕೊಂಡು ಇಳಿದರು. ಕಟ್ಟೆಯಿದ್ದ ಜಾಗದಲ್ಲಿ ನಿಂತರು.

“ನಿನ್ನ ದೊಡ್ಡಪ್ಪ ಇಲ್ಲಿ ಗಾಳಿಗೆ ಕೂರುತ್ತಿದ್ದರು ಅಂತ ಊರೆಲ್ಲ ತಿಳಿದುಕೊಂಡದ್ದು. ಕೊನೆಗೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ ಮಗಾ. ರಸ್ತೆಗೆ ಇಳಿಯಲಿಕ್ಕೆ ಹೆದರಿಕೆ. ಯಾರಿಗೂ ಹೇಳಬೇಡ ಅಂದಿದ್ದರು.”

ನಾನು ಜೊತೆಗೆ ಹೋಗದೆ ಸ್ವಲ್ಪ ಹಿಂದೆ ಉಳಿದೆ. ದೊಡ್ಡಮ್ಮ ಅಂಗಡಿಯ ತುದಿಯವರೆಗೆ ಬಹಳ ನಿಧಾನವಾಗಿ ನಡೆದರು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು.