ಮೇಡಂ, ಮೂಲ ಎಲ್ಲಿ ಅದ?

ನಾನು ಗಂಭೀರವಾಗಿ ಪಾಠ ಮಾಡಲು ನಿಂತಾಗಲೇ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ. ನನ್ನ ಮುಖವೇ ಹಾಗಿದೆಯೋ, ನಾನು ಕಲಿಸುವ ವಿಷಯವೇ ಹಾಗಿದೆಯೋ ಗೊತ್ತಿಲ್ಲ. ವಿಷಯ ರಾಜ್ಯಶಾಸ್ತ್ರ. ಮನೆ ಬೀದರಿನ ಮೈಲೂರಿನಲ್ಲಿ, ನೌಕರಿ ಔರಾದ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ. ನಡುವೆ ದಿನಾ ಬಸ್ಸು. ಬಸ್ಸಿನಲ್ಲಿ ಅರ್ಧ ಸಿಟ್ಟು ಖರ್ಚಾಗಿ, ಉಳಿದದ್ದನ್ನು ನಾನು ತರಗತಿಗೆ ಒಯ್ಯುತ್ತೇನೆ.

ಇದು ಮಳೆ ಕೈಕೊಟ್ಟ ವರ್ಷಗಳ ಮಾತು. ಊರೂರಿಗೆ ಟ್ಯಾಂಕರ್ ಬರುತ್ತಿತ್ತು, ಹೈದರಾಬಾದಿನ ಬಸ್ಸಿಗೆ ಜನ ಗಂಟುಮೂಟೆ ಸಮೇತ ಹತ್ತುತ್ತಿದ್ದರು. ನಮ್ಮ ತರಗತಿಯ ಬೆಂಚುಗಳೂ ಒಂದೊಂದೇ ಖಾಲಿಯಾದವು. ಅದರ ಮೇಲೆ ಹಿಂದಿನ ವರ್ಷ ನಮ್ಮ ಹುಡುಗರ ಪ್ರಾಜೆಕ್ಟುಗಳನ್ನು ನೋಡಿದ ಪರೀಕ್ಷಕರು, ‘ಇದೆಲ್ಲ ಎಲ್ಲಿಂದ ಬಂತು?’ ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕಳಿಸಿದ್ದರು. ಪ್ರಿನ್ಸಿಪಾಲರು ನನ್ನನ್ನು ಕರೆದು, ‘ಈ ಸಲನೂ ಹಂಗೇ ಆದ್ರ ನಿಮ್ಮ ವಿಭಾಗ ಮುಚ್ಚಿ ಹುಡುಗರನ್ನ ಬೀದರಿಗಿ ಹಾಕ್ತಾರ, ನೋಡ್ರಿ’ ಅಂದರು.

ಬೀದರಿಗೆ ಹಾಕಿದರೆ ಬಹಳ ಮಂದಿ ಹೋಗುವವರಲ್ಲ. ಠಾಣಾ ಕುಶನೂರಿನ ಒಬ್ಬ ಹುಡುಗಿಯಂತೂ ನನಗೆ ನೇರವಾಗಿ ಹೇಳಿದಳು. ಅವಳ ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದರು. ಜಗಳಾಡಿ, ಅತ್ತು, ಅಜ್ಜಿಯ ಹತ್ತಿರ ಉಳಿದಿದ್ದಳು. ‘ಔರಾದದಾಗ ಕ್ಲಾಸ್ ಇರೂತನಕ ಇರು, ಬಂದ್ ಆದ್ರ ಮರುದಿನಾನೇ ಬಸ್ ಹತ್ತು ಅಂತ ಅವ್ವ ಹೇಳ್ಯಾಳ್ರಿ ಮೇಡಂ’ ಅಂದಳು. ಆ ಮಾತು ನನಗೆ ಮುಳ್ಳಿನಂತೆ ನಾಟಿತು. ಈ ವರ್ಷ ಏನಾದರಾಗಲಿ, ಇಂಟರ್‌ನೆಟ್ಟಿನಲ್ಲಿ ನಂಬಲರ್ಹ ಮೂಲ ಯಾವುದು, ಬುರುಡೆ ಯಾವುದು ಎಂದು ಇವರಿಗೆ ಕಲಿಸಿಯೇ ಬಿಡುತ್ತೇನೆ ಎಂದು ಸೆರಗು ಬಿಗಿದೆ.

ಲೈನಿನ ಮಾತು

ಮೊದಲು ಒಂದು ಉಪನ್ಯಾಸ ಇಟ್ಟೆ. ‘ನಂಬಲರ್ಹ ಮೂಲಗಳನ್ನು ಹುಡುಕುವುದು ಹೇಗೆ? ಆಸಕ್ತರಿಗೆಲ್ಲ ಸ್ವಾಗತ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ, ರಸ್ತೆಗೆ ಕಾಣುವಂತೆ ಕಾಲೇಜಿನ ಗೇಟಿಗೇ ಕಟ್ಟಿಸಿದೆ.

ಉಪನ್ಯಾಸದ ದಿನ ಹೋಗಿ ನೋಡುತ್ತೇನೆ, ಮುಂದಿನ ಬೆಂಚುಗಳ ತುಂಬ ಧೋತರ ಉಟ್ಟ ಹಿರಿಯರು! ನನ್ನ ವಿದ್ಯಾರ್ಥಿಗಳು ಹಿಂದೆ ಗೋಡೆಗೆ ಅಂಟಿಕೊಂಡು ನಿಂತಿದ್ದಾರೆ. ರಾಜ್ಯಶಾಸ್ತ್ರಕ್ಕೆ ಕೊನೆಗೂ ಒಳ್ಳೆಯ ಕಾಲ ಬಂತು ಎಂದು ನನಗೆ ಎದೆ ಉಬ್ಬಿತು. ಸಂವಿಧಾನದಿಂದ ಶುರುಮಾಡಿ ಸಂಸತ್ತಿನವರೆಗೆ ಮಾತಾಡಿದೆ. ಅವರು ತಲೆದೂಗುತ್ತಾ ಕೇಳಿದರು. ಕೊನೆಗೆ ಒಬ್ಬ ಯಜಮಾನರು ಕೈ ಎತ್ತಿದರು.

‘ಮೇಡಂ, ಮಾತು ಭಾಳ ಛಲೋ ಅದಾವ್ರಿ. ಆದ್ರ ಮೂಲ ಎಲ್ಲಿ ಅದ, ಅದೊಂದು ತೋರಸ್ರಿ. ಬೋರಿನ ಗಾಡಿ ಹೊರಗೇ ನಿಂತದ.’

ಆಗ ನನಗೆ ಹೊಳೆಯಿತು. ಬರಗಾಲದಲ್ಲಿ ಮೂಲ ಎಂದರೆ ನೀರಿನ ಮೂಲವಲ್ಲದೆ ಮತ್ತೇನು? ಸಾವರಿಸಿಕೊಂಡು, ‘ಯಜಮಾನ್ರ, ನಾ ಹೇಳೂ ಮೂಲ ಬ್ಯಾರೆ ರಿ. ಅದೆಲ್ಲಾ ಆನ್‌ಲೈನ್‌ದಾಗ ಸಿಗ್ತದ’ ಅಂದೆ.

ಯಜಮಾನರು ಟವೆಲ್ ಝಾಡಿಸಿ ಎದ್ದುಬಿಟ್ಟರು. ‘ಲೈನಿನ ಸುದ್ದಿ ಹೇಳಬ್ಯಾಡ್ರಿ ಮೇಡಂ. ಲೈನ್ ನಂಬಿ ಕುಂತೇ ನಮಗ ಈ ಗತಿ ಬಂದದ. ಲೈನಿನ್ಯಾಗ ನೀರು ಬಂದು ಎಷ್ಟು ದಿನ ಆತು, ನಳದ ಮುಂದ ನಿಂತು ನೋಡ್ರಿ!’

ಸಂಜಿ ಮುಂದ ಬಾ

ನಮ್ಮ ಕಾಲೇಜಿನ ಇಂಟರ್‌ನೆಟ್ಟು ಮದುವೆಗೆ ಬಂದ ದೊಡ್ಡ ಮನುಷ್ಯರ ಹಾಗೆ. ಮುಖ ತೋರಿಸಿ ಹೋಗಿಬಿಡುತ್ತಿತ್ತು. ಹಾಗಾಗಿ ಹಲಬರ್ಗಾದ ಒಬ್ಬ ಹುಡುಗ ಭಾಲ್ಕಿಯ ನೆಟ್ ಅಂಗಡಿಗೆ ಹೋಗುತ್ತಿದ್ದ. ಜಾಲತಾಣದ ವಿಳಾಸದ ಕೊನೆಗೆ ‘ಡಾಟ್ ಗವ್ ಡಾಟ್ ಇನ್’ ಇದ್ದರೆ ಅದು ಸರ್ಕಾರದ್ದು, ಅದನ್ನು ಮೊದಲು ನೋಡಿ ಎಂದು ನಾನು ಹೇಳಿಕೊಟ್ಟಿದ್ದೆ.

ಹುಡುಗ ಹೋಗಿ ಅಂಗಡಿಯವರಿಗೆ, ‘ಡಾಟ್ ಗವ್ ಹಚ್ಚಿ ಕೊಡ್ರಿ’ ಅಂದಿದ್ದಾನೆ. ಅಂಗಡಿಯವರ ಮನೆಮಾತು ಮರಾಠಿ. ಅವರಿಗೆ ‘ಗವ್’ ಎಂದದ್ದು ‘ಗಾಂವ್’, ಅಂದರೆ ಊರು ಎಂದು ಕೇಳಿಸಿತು.

‘ಯಾವ ಗಾಂವ್?’ ಅಂದರಂತೆ.

‘ನಮ್ಮದು ಹಲಬರ್ಗಾ ರಿ.’

ಅವರು ನಿಷ್ಠೆಯಿಂದ ‘ಹಲಬರ್ಗಾ ಡಾಟ್ ಇನ್’ ಎಂದು ಒತ್ತಿದರು. ತೆರೆಯಲಿಲ್ಲ. ಮತ್ತೆ ಒತ್ತಿದರು. ಊಹೂಂ. ಮೌಸು ಬಡಿದರು, ವೈರು ಅಲ್ಲಾಡಿಸಿದರು. ಕೊನೆಗೆ ಕುರ್ಚಿಗೆ ಒರಗಿ ತೀರ್ಪು ಕೊಟ್ಟರು:

‘ಹಲಬರ್ಗಾದಾಗ ಕರೆಂಟ್ ಹೋಗ್ಯಾದ ತಮ್ಮಾ. ಬಂದ ಮ್ಯಾಲ ತೆರೀತದ. ಸಂಜಿ ಮುಂದ ಬಾ.’

ಹುಡುಗ ಸಂಜೆಯೂ ಹೋಗಿದ್ದ. ಅದಕ್ಕೂ ಮೊದಲು ಊರಿಗೆ ಫೋನ್ ಮಾಡಿ, ಕರೆಂಟ್ ಬಂದಿದೆ ಎಂದು ಖಾತ್ರಿ ಮಾಡಿಕೊಂಡಿದ್ದ.

ಉದುರಿದ ಬೇಕು

ಇನ್ನೊಬ್ಬ ಹುಡುಗ ತನ್ನ ಪ್ರಾಜೆಕ್ಟಿನಲ್ಲಿ, ‘ಶಾಸಕರಿಗೂ ಅರವತ್ತಕ್ಕೆ ನಿವೃತ್ತಿ ಎಂದು ಹೊಸ ಕಾನೂನು ಆಗಿದೆ’ ಎಂದು ಬರೆದ. ನನಗೆ ತಲೆ ಕೆಟ್ಟಿತು.

‘ಮೂಲ ಏನೋ ಇದಕ್ಕ?’

‘ನಮ್ಮ ಕಾಕಾನ ವಾಟ್ಸಾಪ್ ರಿ.’

ಕಾಕಾನಿಗೆ ಯಾರು ಕಳಿಸಿದರು ಕೇಳು ಅಂದೆ. ಕಾಕಾನಿಗೆ ಭಾಲ್ಕಿಯ ಬೀಗರು. ಬೀಗರಿಗೆ ಅವರ ಹಳೇ ಗೆಳೆಯರು. ಬಾಲ ಹಿಡಿದು ಹೋಗಿಯೇ ನೋಡೋಣ ಎಂದು ನಾನೂ ಹಟಕ್ಕೆ ಬಿದ್ದೆ. ಹುಡುಗ ವಾರವೆಲ್ಲ ಫೋನು ಮಾಡಿ, ಒಂದು ದಿನ ನನ್ನ ಮುಂದೆ ಬಂದು ಕೈ ಹಿಸುಕುತ್ತ ನಿಂತ.

‘ಮೇಡಂ, ಕಟ್ಟಕಡಿಗಿ ಬೀದರಿನ ಮೈಲೂರಿಗಿ ಹೋಗಿ ಮುಟ್ಯಾದ್ರಿ. ಒಬ್ಬರು ರಿಟೈರ್ ಆದ ಹಿರಿಯರಂತ. ಅವರ ಸೊಸಿ ಔರಾದ ಕಡಿ ಕಾಲೇಜಿನ್ಯಾಗ ರಾಜ್ಯಶಾಸ್ತ್ರ ಕಲಸ್ತಾರಂತ.’

ಮನೆಗೆ ಹೋದವಳೇ ಬ್ಯಾಗನ್ನೂ ಇಳಿಸದೆ ಮಾವನವರನ್ನು ಕೇಳಿದೆ. ಅವರಿಗೆ ಸ್ವಲ್ಪವೂ ಅಳುಕಿಲ್ಲ.

‘ಹೌದು, ನಾನೇ ಬರದೀನಿ. ನಮ್ಮನ್ನ ಅರವತ್ತಕ್ಕ ಮನಿಗಿ ಕಳಸ್ಯಾರ, ಅವರಿಗೂ ಹಂಗ ಆಗಬೇಕು ಅಂತ ಬರದೀನಿ. ನಡುವ ‘ಬೇಕು’ ಎಲ್ಲಿ ಉದುರಿತೋ, ನನಗೇನು ಗೊತ್ತು?’

‘ಮಾಮಾ, ಊರೆಲ್ಲಾ ಖರೇ ಅಂತ ನಂಬ್ಯಾದ್ರಿ!’ ಅಂದೆ.

ಅವರು ಕನ್ನಡಕ ಸರಿಮಾಡಿಕೊಂಡರು. ‘ಊರೆಲ್ಲಾ ಅಂತಾದ ಅಂದ ಮ್ಯಾಲ... ಆಗಿದ್ರೂ ಆಗಿರಬೇಕಲ್ಲ?’

ಅಜ್ಜಿಯ ದೂರು

ಇಷ್ಟಾದ ಮೇಲೆ ತರಗತಿಯಲ್ಲಿ ಒಂದೇ ಪಾಠವನ್ನು ಅರೆದು ಕುಡಿಸಿದೆ. ಕಣ್ಣಾರೆ ಕಂಡದ್ದು, ಕಾಯ್ದೆಯ ಅಸಲು ಪ್ರತಿಯನ್ನೇ ತೆಗೆದು ಓದಿದ್ದು ಪ್ರಾಥಮಿಕ ಮೂಲ. ಇನ್ನೊಬ್ಬರು ಹೇಳಿದ್ದನ್ನು ಕೇಳಿದ್ದು ದ್ವಿತೀಯಕ ಮೂಲ. ಯಾರೇನೇ ಅಂದರೂ ಮೊದಲು ‘ಯಾರು ಹೇಳಿದ್ರು?’ ಎಂದು ಕೇಳಬೇಕು.

ಕುಶನೂರಿನ ಹುಡುಗಿ ಅದನ್ನು ಎಷ್ಟು ಹಚ್ಚಿಕೊಂಡಳೆಂದರೆ, ಅವಳ ಅಜ್ಜಿ ಒಂದು ದಿನ ಬಸ್ ನಿಲ್ದಾಣದಲ್ಲಿ ನನ್ನನ್ನು ಅಡ್ಡಗಟ್ಟಿ ನಿಂತರು.

‘ನನ್ನ ಮೊಮ್ಮಗಳಿಗಿ ಏನು ಕಲಿಸೀರಿ ಮೇಡಂ? ಪಲ್ಯಾಕ ಉಪ್ಪು ಹಾಕೀನಿ ಅಂದ್ರ ಯಾರು ಹೇಳಿದ್ರು ಅಂತಾಳ. ನಾನೇ ಹಾಕೀನಿ ಅಂದ್ರ, ಹಂಗಾದ್ರ ನೀ ಪ್ರಾಥಮಿಕ ಅಂತಾಳ. ನಾ ಪ್ರಾಥಮಿಕ ಶಾಲಿಗೂ ಹೋಗಿಲ್ರಿ!’

ಫೋನಿನಲ್ಲಿ ಪರೀಕ್ಷಕರು

ಕೊನೆಗೆ ಮೌಖಿಕ ಪರೀಕ್ಷೆಯ ದಿನ ಬಂತು. ಪರೀಕ್ಷಕರು ಮೈಸೂರು ಕಡೆಯವರು, ನಗುವುದನ್ನು ಎಲ್ಲೋ ಬಿಟ್ಟು ಬಂದವರ ಹಾಗಿದ್ದರು. ವಿಭಾಗ ಉಳಿಯುವುದು, ಮುಚ್ಚುವುದು ಅವರ ವರದಿಯ ಮೇಲೆ. ಪ್ರಿನ್ಸಿಪಾಲರು ಅವರ ಮುಂದೆ ಚಹಾ, ಮಿರ್ಚಿ ಭಜಿ ಇಟ್ಟು, ಕೈ ಕಟ್ಟಿ ಮೂಲೆಯಲ್ಲಿ ನಿಂತರು.

ಹುಡುಗರು ಒಬ್ಬೊಬ್ಬರಾಗಿ ಒಳ್ಳೆಯ ಉತ್ತರವನ್ನೇ ಕೊಟ್ಟರು. ಕೊನೆಗೆ ಕುಶನೂರಿನ ಹುಡುಗಿ ಬಂದಳು. ಜನ ಗುಳೆ ಹೋಗಿ ಊರು ಖಾಲಿಯಾದಾಗ ಗ್ರಾಮಸಭೆಗೆ ಕೋರಂ ಎಲ್ಲಿಂದ ತರಬೇಕು ಎಂಬುದು ಅವಳ ವಿಷಯ. ಪರೀಕ್ಷಕರು ಪುಟ ತಿರುವಿ ತಿರುವಿ ನೋಡಿದರು. ಮುಖ ಸ್ವಲ್ಪ ಸಡಿಲವಾಯಿತು. ಹುಡುಗಿ ಹೆದರಿದ್ದು ಕಂಡು, ಪಾಠದ ಮಾತು ಬಿಟ್ಟು ಬೇರೇನಾದರೂ ವಿಚಾರಿಸೋಣವೆಂದು ಮೆಲ್ಲಗೆ ಕೇಳಿದರು:

‘ನಿಮ್ಮ ಮೂಲ ಯಾವುದಮ್ಮ?’

‘ಪಂಚಾಯತ್ ರಾಜ್ ಕಾಯ್ದೆ ರಿ ಸರ್! ಸರ್ಕಾರದ ಜಾಲತಾಣದಾಗಿಂದ ತಗೊಂಡೀನ್ರಿ!’

‘ಅಲ್ಲಮ್ಮ, ಊರು ಯಾವುದು ಅಂದೆ.’

‘ಠಾಣಾ ಕುಶನೂರ ರಿ.’

‘ಅಪ್ಪ ಅಮ್ಮ ಅಲ್ಲೇ ಇದ್ದಾರಾ?’

‘ಇಲ್ರಿ, ಹೈದರಾಬಾದಿನಾಗ ಅರಾಮ ಅದಾರ್ರಿ.’ ಹುಡುಗಿ ಒಂದು ಕ್ಷಣ ತಡೆದು ತಿದ್ದಿಕೊಂಡಳು. ‘ಆದ್ರ ಸರ್, ಅದು ಫೋನಿನ್ಯಾಗ ಅವ್ವ ಹೇಳಿದ್ದು. ದ್ವಿತೀಯಕ ಮೂಲ ರಿ. ಅರಾಮ ಅದಾರಂತ ನಾ ಕಣ್ಣಿಲೆ ನೋಡಿಲ್ರಿ.’

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು, ಆಮೇಲೆ ಮೇಜು ಅಲ್ಲಾಡುವಂತೆ ನಕ್ಕರು. ‘ಇಷ್ಟು ನಿಯತ್ತು ನಮ್ಮ ಪ್ರೊಫೆಸರುಗಳಿಗೂ ಇಲ್ಲ, ಮೇಡಂ. ಈ ವಿಭಾಗ ಮುಚ್ಚೋ ಪ್ರಶ್ನೆಯೇ ಇಲ್ಲ ಅಂತ ಬರೀತೀನಿ’ ಅಂದರು.

ಹುಡುಗಿ ಅಲ್ಲೇ ಅವ್ವನಿಗೆ ಫೋನು ಹಚ್ಚಿದಳು. ಆ ಹಳೇ ಫೋನು ಸ್ಪೀಕರ್ ಹಾಕಿದರೆ ಮಾತ್ರ ಕೇಳಿಸುತ್ತಿತ್ತು.

‘ಅವ್ವಾ, ಪಾಸಾದೆ! ಕ್ಲಾಸ್ ಬಂದ್ ಆಗಂಗಿಲ್ಲ. ನಾ ಬಸ್ ಹತ್ತಂಗಿಲ್ಲ!’

‘ಸುಳ್ಳ ಹೇಳಬ್ಯಾಡ. ಯಾರು ಹೇಳಿದ್ರು?’

ಹುಡುಗಿ ಫೋನನ್ನು ನನಗೆ ಕೊಟ್ಟಳು. ನಾನು ಖರೇ ಅಂದೆ. ‘ನಿಮಗ ಯಾರು ಹೇಳಿದ್ರು ರಿ ಮೇಡಂ?’ ಎಂದು ಆಕೆ ನನಗೂ ಪಟ್ಟು ಹಾಕಿದರು. ನಾನು ಬೇರೆ ದಾರಿ ಕಾಣದೆ ಫೋನನ್ನು ಪರೀಕ್ಷಕರ ಕೈಗೆ ಕೊಟ್ಟೆ. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

‘ನಿಜ ಕಣಮ್ಮ. ನಿಮ್ಮ ಮಗಳು ಇಲ್ಲೇ ಓದಬಹುದು.’

‘ನೀವ್ಯಾರ್ರಿ?’

ಪರೀಕ್ಷಕರು ನನ್ನತ್ತ ನೋಡಿ ಕಣ್ಣು ಮಿಟುಕಿಸಿ, ದೊಡ್ಡ ಹುಮ್ಮಸ್ಸಿನಿಂದ ಹೇಳಿದರು: ‘ನಂದು ಪ್ರಾಥಮಿಕ ಮೂಲ, ತಾಯಿ!’

ಆ ಕಡೆಯಿಂದ ಕರುಣೆ ತುಂಬಿದ ದನಿ ಕೋಣೆಯ ತುಂಬ ಕೇಳಿಸಿತು.

‘ಅಯ್ಯ, ಮೂಲವ್ಯಾಧಿ ಏನ್ರಿ ಸಾಹೇಬ್ರ? ಪ್ರಾಥಮಿಕ ಅಂದ್ರ ಈಗಷ್ಟ ಸುರು ಆಗ್ಯಾದ, ಘಾಬರಿ ಆಗಬ್ಯಾಡ್ರಿ. ಖಾರ ಮುಟ್ಟಬ್ಯಾಡ್ರಿ, ಮಜ್ಜಿಗಿ ಕುಡೀರಿ. ನನ್ನ ಮಗಳು ಇನ್ನ ಅಲ್ಲೇ ಇರ್ತಾಳಲ್ರಿ, ಅಜ್ಜಿಗಿ ಹೇಳಿ ಅಕಿ ಕೈಲೆ ದಿನಾ ಮಜ್ಜಿಗಿ ಕಳಸ್ತೇನಿ.’

ಪರೀಕ್ಷಕರು ‘ಆಗಲಿ ತಾಯಿ’ ಎಂದು ಫೋನು ಕೆಳಗಿಟ್ಟರು. ಮುಂದಿದ್ದ ಮಿರ್ಚಿ ಭಜಿಯ ತಟ್ಟೆಯನ್ನು ಮೆಲ್ಲಗೆ ಪ್ರಿನ್ಸಿಪಾಲರ ಕಡೆ ಸರಿಸಿದರು.